ಅರ್ಧ ಸೈಜ್ ದೊಡ್ಡದು ಎಂಬುದು ಅರ್ಧ ಉತ್ತರ

ಮ್ಯಾರಥಾನಿಗೆ ಅರ್ಧ ಸೈಜ್ ದೊಡ್ಡ ಶೂ ಕೊಂಡರೆ ಸಾಕು ಎಂದು ಓಟದ ಶೂ ಬಗೆಗಿನ ಲೇಖನವೊಂದರಲ್ಲಿದೆ. ಉದ್ದದ ಮಟ್ಟಿಗೆ ಸರಿ, ಆದರೆ ಶೂ ಎಷ್ಟೋ ಸಲ ಕಚ್ಚುವುದು ಅಗಲದಲ್ಲಿ. ಇನ್‌ಸೋಲ್ (ಶೂ ಒಳಗಿನ ಮೆತ್ತೆ) ಹೊರತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಂತು ನೋಡಿ. ಕಿರುಬೆರಳಿನ ಪಕ್ಕ ಪಾದ ಅಂಚು ದಾಟಿದರೆ ಬೇಕಿರುವುದು ಅದೇ ಸೈಜಿನ ವೈಡ್, ಅಂದರೆ ಹೆಚ್ಚು ಅಗಲದ ಶೂ. ಸುಮ್ಮನೆ ಉದ್ದ ಏರಿಸಿದರೆ ಹಿಮ್ಮಡಿ ಸಡಿಲವಾಗಿ, ಉಜ್ಜಿ ಉಜ್ಜಿ ನೀರುಗುಳ್ಳೆ ಏಳುತ್ತದೆ, ಅಷ್ಟೇ.

ಅಳತೆ ಸಂಜೆ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದೂರದ ಓಟದಲ್ಲೂ ಊದುತ್ತದೆ. ಓಡುವಾಗಿನ ಸಾಕ್ಸೇ ಹಾಕಿರಿ (ಹತ್ತಿಯದು ಬೇಡ, ಬೆವರು ಹಿಡಿದಿಟ್ಟುಕೊಳ್ಳುತ್ತದೆ). ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಇರಲಿ. ಕೆಲವರಿಗೆ ಅದು ಹೆಬ್ಬೆರಳಲ್ಲ, ಪಕ್ಕದ್ದು! ಜಾಗ ಸಾಲದಿದ್ದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳು ಬಡಿದೂ ಬಡಿದೂ ಉಗುರು ಕಪ್ಪಾಗುತ್ತದೆ.

ಹಿಮ್ಮಡಿ ಮಾತ್ರ ಎದ್ದೇಳುತ್ತಿದ್ದರೆ ಮೇಲ್ತುದಿಯ ಹೆಚ್ಚುವರಿ ತೂತು ಬಳಸಿ: ಎರಡೂ ಕಡೆ ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿ ಕುಣಿಕೆ ಮಾಡಿ, ಪ್ರತಿ ಕುಣಿಕೆಯೊಳಗೆ ಎದುರು ಬದಿಯ ಲೇಸನ್ನು ತೂರಿಸಿ ಎಳೆದು ಕಟ್ಟಿ. ಪಾದದ ಮೇಲ್ಭಾಗ ಜೋಮು ಹಿಡಿದರೆ ಮಧ್ಯದ ಲೇಸ್ ಸಡಿಲಿಸಿ.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಅಂಗಡಿ ಮಾತು ನಂಬಬೇಡಿ, ಈಗಿನ ಮೆಶ್ (ಬಲೆಯಂಥ ಬಟ್ಟೆಯ) ಶೂ ಚರ್ಮದ ಶೂನಷ್ಟು ಹಿಗ್ಗುವುದಿಲ್ಲ. ಸ್ಪರ್ಧೆಗೆ 4 ವಾರ ಮೊದಲೇ ಕೊಂಡು, ಒಮ್ಮೆಯಾದರೂ 20 ಕಿ.ಮೀ. ಓಡಿ ಪರೀಕ್ಷಿಸಿ. 5 ಕಿ.ಮೀ.ವರೆಗೆ ಎಲ್ಲ ಶೂವೂ ಒಳ್ಳೆಯದೇ ಅನಿಸುತ್ತದೆ.