ಇಂಜೆಕ್ಷನ್ ಬದಲಾದ ದಿನ ಉಳಿದ ಮಾತ್ರೆಗಳನ್ನೂ ಕೇಳಿ

ಶುಗರ್‌ಗೆ ಕೊಡುವ ಮೌಂಜಾರೊ ಇಂಜೆಕ್ಷನ್ ಶುರು ಮಾಡಿದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ, "ಎಷ್ಟು ಕೆಜಿ ಇಳಿದ್ರಿ?" ಹನ್ನೊಂದು. ಖುಷಿ ಇದೆ. ಆದರೆ ನಾನು ಹೇಳಬೇಕಾಗಿರುವುದು ತೂಕದ ಮಾತಲ್ಲ.

ನನಗೆ ಒಂಬತ್ತು ವರ್ಷದಿಂದ ಶುಗರ್. ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ, ಅದಕ್ಕೂ ಮೊದಲಿಂದ. ಎರಡೂ ಬೇರೆ ಬೇರೆ ಕಾಯಿಲೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಆದರೆ ಎರಡಕ್ಕೂ ನಂಟಿದೆ. ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಆಗ ಇನ್ನೂ ಜಾಸ್ತಿ ಇನ್ಸುಲಿನ್ ಬರುತ್ತದೆ. ಅದು ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಮುಟ್ಟು ತಪ್ಪುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ, ಎಷ್ಟು ನಡೆದರೂ ತೂಕ ಇಳಿಯುವುದಿಲ್ಲ. "ಸ್ವಲ್ಪ ಬಾಯಿ ಕಟ್ಟು" ಅಂದವರ ಮಾತು ಇನ್ನೂ ನೋಯುತ್ತದೆ.

ಮೊದಲು ಶುಗರ್‌ಗೆ ಸೆಮಾಗ್ಲುಟೈಡ್ ಮಾತ್ರೆ ಇತ್ತು, ಹೆಸರು ರೈಬೆಲ್ಸಸ್. ಖಾಲಿ ಹೊಟ್ಟೆಗೆ ಅರ್ಧ ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆ ಕಾಫಿಯೂ ಇಲ್ಲದೆ ಕಾಯಬೇಕು. 14 ಮಿಗ್ರಾಂವರೆಗೆ ಹೋದರೂ ಮೂರು ತಿಂಗಳ ಶುಗರ್ ಸರಾಸರಿ (ಎಚ್‌ಬಿಎ1ಸಿ) ಶೇ. 8ರ ಕೆಳಗೆ ಬರಲಿಲ್ಲ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್, ಅಂದರೆ ಈ ಮೌಂಜಾರೊ, ನಮ್ಮ ದೇಶಕ್ಕೆ ಬಂತು. ಕೆಲವು ತಿಂಗಳ ನಂತರ ನಾನೂ ಬದಲಾಯಿಸಿದೆ. ಇದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವುದು. ಹಳೆಯದರ ಡೋಸ್ ಎಷ್ಟೇ ಇರಲಿ, ಇಲ್ಲಿ 2.5 ಮಿಗ್ರಾಂನಿಂದಲೇ ಶುರು. ಮೊದಲ ನಾಲ್ಕು ವಾರ ದೇಹ ಒಗ್ಗಿಕೊಳ್ಳಲಿಕ್ಕೆ.

ಎರಡನೇ ಇಂಜೆಕ್ಷನ್ ಆದ ಮಾರನೇ ದಿನ. ರಾತ್ರಿ ಅರ್ಧ ಮುದ್ದೆ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು. ಹನ್ನೊಂದು ಗಂಟೆಗೆ ದೋಸೆ ಹಿಟ್ಟು ಮುಚ್ಚಿಡಲು ಹೋದೆ. ತಟ್ಟೆ ಪಾತ್ರೆಯ ಬಾಯಿಗೆ ಕೂರುತ್ತಲೇ ಇಲ್ಲ, ಕೈ ಅಷ್ಟು ನಡುಗುತ್ತಿದೆ. ಕುತ್ತಿಗೆ ಹಿಂದೆ ತಣ್ಣನೆ ಬೆವರು. ಶುಗರ್ ತೀರಾ ಇಳಿದಿತ್ತು, ಗ್ಲುಕೋಮೀಟರ್ 54 ತೋರಿಸಿತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಅಡುಗೆಮನೆ ನೆಲದ ಮೇಲೇ ಕೂತೆ. ಹದಿನೈದು ನಿಮಿಷದ ಮೇಲೆ 82. ಆ ಹದಿನೈದು ನಿಮಿಷ ಮರೆಯೋಕೆ ಆಗಲ್ಲ.

ತಪ್ಪು ಇಂಜೆಕ್ಷನ್‌ದಲ್ಲ. ನಾನು ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ಕೂಡ ತಗೊಳ್ಳುತ್ತಿದ್ದೆ. ನಾವು ಉಂಡರೂ ಬಿಟ್ಟರೂ ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಊಟ ಅರ್ಧ ಆದಾಗ ಅದರ ಡೋಸ್ ಇಳಿಸಬೇಕಿತ್ತು. ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ತೋರಿಸಿದ ಬೇರೆ ಡಾಕ್ಟರ್ ಮೊದಲು ಮಾಡಿದ ಕೆಲಸವೇ ಗ್ಲಿಮೆಪಿರೈಡ್ ಕಡಿಮೆ ಮಾಡಿದ್ದು. ಕಣ್ಣಿನ ಹಿಂಭಾಗದ ಪರದೆಯನ್ನೂ (ರೆಟಿನಾ) ಪರೀಕ್ಷೆ ಮಾಡಿಸಿದರು. ಶುಗರ್ ಬೇಗ ಇಳಿದಾಗ ಮೊದಲೇ ತೊಂದರೆಯಿದ್ದ ಕಣ್ಣಿಗೆ ಆ ತೊಂದರೆ ಜಾಸ್ತಿ ಆಗಬಹುದಂತೆ.

ಇನ್ನೊಂದು ವಿಷಯ, ನಾಚಿಕೆಯಿಂದ ಯಾರೂ ಬಾಯಿ ಬಿಡದ ವಿಷಯ. ಪಿಸಿಒಡಿ ಇರುವ ನಮ್ಮಲ್ಲಿ ಎಷ್ಟೋ ಜನ ಹಾರ್ಮೋನ್ ಮಾತ್ರೆ ತಗೊಳ್ಳುತ್ತೇವೆ. ಅದನ್ನೇ ಗರ್ಭ ತಡೆಯಲಿಕ್ಕೂ ನಂಬಿರುತ್ತೇವೆ. ಟಿರ್ಜೆಪಟೈಡ್ ಶುರುವಾದಾಗ ಹೊಟ್ಟೆ ಖಾಲಿಯಾಗುವುದು ನಿಧಾನ ಆಗುತ್ತದೆ, ಮಾತ್ರೆಯ ಬಲ ಕಡಿಮೆಯಾಗಬಹುದು. ಹಾಗಾಗಿ ಮೊದಲ ನಾಲ್ಕು ವಾರ, ಆಮೇಲೆ ಪ್ರತಿ ಸಲ ಡೋಸ್ ಏರಿದಾಗ ಮತ್ತೆ ನಾಲ್ಕು ವಾರ, ಕಾಂಡೋಮ್ ಕೂಡ ಬೇಕು. ತೂಕ ಇಳಿದಂತೆ ನಿಂತ ಅಂಡೋತ್ಪತ್ತಿಯೂ ಮರಳಬಹುದು. "ನನಗೆಲ್ಲಿ ಮಗು ಆಗತ್ತೆ" ಅಂದುಕೊಂಡವರಿಗೇ ಆಗಿಬಿಡಬಹುದು, ಅಲ್ವಾ? ಗರ್ಭಿಣಿಯರು ಈ ಔಷಧಿ ತಗೊಳ್ಳುವಂತಿಲ್ಲ.

ಇದನ್ನು ಚಿಕ್ಕಮ್ಮನ ಮಗಳಿಗೆ ಹೇಳಿದೆ. ಅವಳೂ ಮುಂದಿನ ವಾರ ಬದಲಾಯಿಸುತ್ತಿದ್ದಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರ್ ಗಂಡಸು ಅಕ್ಕ, ಹೇಗೆ ಕೇಳಲಿ?" ಅಂದಳು. ಗುರುವಾರ ಅವಳ ಜೊತೆ ನಾನೂ ಹೋಗುತ್ತಿದ್ದೇನೆ. ಅವಳ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಕವರ್‌ಗೆ ಹಾಕಿಡಲು ಹೇಳಿದ್ದೇನೆ.