ಪಾಟಿಯಿಂದ ಪಾಯಖಾನೆಗೆ

ನಮ್ಮ ಕಡೆ ಪಾಟಿ ಅಂದರೆ ಸ್ಲೇಟು. ಪಾಟಿಚೀಲ ಹೆಗಲಿಗೇರಿಸಿ, ಬಳಪ ಕಚ್ಚಿಕೊಂಡು ಶಾಲೆಗೆ ಹೋದವರು ನಾವು. ಹಾಗಾಗಿ ಶಿರಸಿ ಪೇಟೆಯಿಂದ ಹಳದಿ ಬಾತುಕೋಳಿಯಂತಿದ್ದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಜಗುಲಿಯಲ್ಲಿಟ್ಟು, "ಮಾಣಿಗೆ ಪಾಟಿ ತಂದೆ" ಎಂದಾಗ ಅಪ್ಪಯ್ಯ ಕವಳದ ಬಟ್ಟಲಿನಿಂದ ತಲೆಯೆತ್ತಿದರು. "ವರ್ಷ ಎರಡು ತುಂಬಿದ್ದಿಲ್ಲೆ, ಈಗಲೇ ಪಾಟಿ ಎಂತಕ್ಕೆ? ಬಳಪ ತಂದ್ಯಾ?"

ಬಳಪದ ಅಗತ್ಯ ಬೀಳಲಿಲ್ಲ. ಇದು ಇಂಗ್ಲಿಷಿನ ಪಾಟಿ, ಮಕ್ಕಳು ಕಕ್ಕಕ್ಕೆ ಕೂರುವ ಕುರ್ಚಿ. ಮಾಣಿ ಆ ಬಾತುಕೋಳಿಯ ಮೇಲೆ ಎಂಟೇ ದಿನದಲ್ಲಿ ಪಟ್ಟಾಭಿಷಿಕ್ತನಾದ. ಆಗ ಅಡಿಕೆ ಸುಲಿಯುವ ಕಾಲ. ಸಂಜೆಯಾದರೆ ಜಗುಲಿಯ ತುಂಬ ಮೆಟ್ಟುಗತ್ತಿ, ಸಿಪ್ಪೆಯ ರಾಶಿ, ಊರ ಸುದ್ದಿ. ಇವನು ಬಾತುಕೋಳಿಯನ್ನು ದರದರ ಎಳೆದುಕೊಂಡು ಬಂದು ಸಭೆಯ ನಡುವೆ ಸ್ಥಾಪಿಸಿ, ಚಡ್ಡಿ ಕಳಚಿ ಕೂತುಬಿಡುತ್ತಿದ್ದ. "ಬಂತನೋ?" ಎಂದು ಒಬ್ಬರು ಕೇಳುವರು. "ಇನ್ನೂ ಇಲ್ಲೆ" ಎಂದು ಇವನ ಗಂಭೀರ ಉತ್ತರ. ಬಂದ ಮೇಲೆ ಎದ್ದು ನಿಂತು, ತಿರುಗಿ ನೋಡಿ, ಎಲ್ಲರಿಗೂ ತೋರಿಸಿ ಒಪ್ಪಿಗೆ ಪಡೆಯುತ್ತಿದ್ದ. ಬಾತುಕೋಳಿಯನ್ನು ತೊಳೆಯುವ ಕೆಲಸ ಮಾತ್ರ ಯಾವ ಸಭೆಯೂ ವಹಿಸಿಕೊಳ್ಳಲಿಲ್ಲ. ಅದು ನನ್ನದು.

ಎರಡು ವರ್ಷ ಎಂಟು ತಿಂಗಳಾಗುವಷ್ಟರಲ್ಲಿ, ಬಾತುಕೋಳಿಗೆ ನಿವೃತ್ತಿ ಕೊಡಬೇಕೆಂದು ನಾನೂ ಹೆಂಡತಿಯೂ ತೀರ್ಮಾನಿಸಿದೆವು. ನೆಂಟರ ಮನೆಗೆಲ್ಲ ಅದನ್ನು ಕಂಕುಳಲ್ಲಿ ಹೊತ್ತುಕೊಂಡು ಹೋಗಿ ಸಾಕಾಗಿತ್ತು. ಮಳೆ ಹಿಡಿಯುವ ಮೊದಲೇ ಮುಗಿಸಬೇಕು ಎನ್ನುವುದು ಇವಳ ಹಟ. ಆಷಾಢದಲ್ಲಿ ದಿನಕ್ಕೆ ಐದು ಚಡ್ಡಿ ಒದ್ದೆಯಾದರೆ ಬಚ್ಚಲೊಲೆಯ ಮೇಲೆ ಒಣಹಾಕಿದ್ದು ಮೂರು ದಿನಕ್ಕೂ ಒಣಗುವುದಿಲ್ಲ, ಒಣಗಿದರೂ ಹೊಗೆಯ ವಾಸನೆ. ಶಿರಸಿಯ ಮಳೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲಿ ಕಮೋಡು ಇತ್ತು. ಅದು ಬಂದದ್ದು ಅಪ್ಪಯ್ಯನ ಮಂಡಿನೋವಿನಿಂದ. ಅದಕ್ಕೂ ಮೊದಲು ನಮ್ಮ ಪಾಯಖಾನೆ ಇದ್ದದ್ದು ಕೊಟ್ಟಿಗೆಯ ಆಚೆ. ಮಳೆಗಾಲದ ರಾತ್ರಿ ಒಂದು ಕೈಲಿ ಕೊಡೆ, ಒಂದು ಕೈಲಿ ಟಾರ್ಚು ಹಿಡಿದು, ಕಾಲಿಗೆ ಹತ್ತಿದ ಉಂಬಳ ಕೀಳುತ್ತ ಹೋಗಬೇಕು. ಮಂಡಿ ಮಡಚಲು ಆಗದು ಎಂದಾದ ಮೇಲೆ ಮಲಗುವ ಕೋಣೆಗೆ ತಾಗಿಸಿ ಬಚ್ಚಲು ಕಟ್ಟಿಸಿ, ಹಿತ್ತಲಲ್ಲಿ ಚಿರೇಕಲ್ಲಿನ ಗುಂಡಿ ತೆಗೆಸಿ, ಬಿಳಿ ಕಮೋಡು ಕೂರಿಸಿದೆ. ಅಪ್ಪಯ್ಯ ಒಂದು ತಿಂಗಳು ಅದರತ್ತ ಹಣಕಿಯೂ ನೋಡಲಿಲ್ಲ. "ಕುರ್ಚಿ ಮೇಲೆ ಕುಂತ್ರೆ ನಂಗೆ ಪಂಚಾಯ್ತಿ ಮಾತಾಡವು ಅನ್ನಿಸ್ತು, ಇದೆಲ್ಲ ಬತ್ತಿಲ್ಲೆ" ಎನ್ನುತ್ತಿದ್ದರು. ಕೊನೆಗೆ ಮಂಡಿಯೇ ಗೆದ್ದಿತು. ಆದರೂ ಒಳಗೆ ಹೋದರೆ ಮುಕ್ಕಾಲು ಗಂಟೆ.

ಆ ಕಮೋಡಿನ ಮೇಲೆ ಮಕ್ಕಳ ರಿಂಗೊಂದನ್ನು ಇಟ್ಟು ಮಾಣಿಯನ್ನು ಎತ್ತಿ ಕೂರಿಸಿದೆ. ತಿಂಡಿಯಾಗಿ ಅರ್ಧ ಗಂಟೆ ಕಳೆದಿತ್ತು. ಹೊಟ್ಟೆಗೆ ಬಿದ್ದೊಡನೆ ಕರುಳು ಎಚ್ಚರಾಗುತ್ತದೆ, ಅದೇ ಒಳ್ಳೆಯ ಹೊತ್ತು ಎನ್ನುತ್ತಾರೆ. ಕರುಳು ಎಚ್ಚರಾಯಿತೋ ಇಲ್ಲವೋ, ಮಾಣಿಯಂತೂ ಎರಡೂ ಕೈಯಿಂದ ನನ್ನ ಕುತ್ತಿಗೆಗೆ ಜೋತುಬಿದ್ದ. ಕೆಳಗೆ ಬಾವಿ! ಸುಮ್ಮನಿರದೆ ನಾನು ಫ್ಲಶ್ ಒತ್ತಿ ತೋರಿಸಿದೆ. ಕೊಡದಷ್ಟು ನೀರು ಒಮ್ಮೆಲೇ ಧೋ ಎಂದು ಧುಮುಕಿದ್ದನ್ನು ಅವನು ಕೂತಲ್ಲಿಂದಲೇ ಅನುಭವಿಸಿದ. ಅರಚಿದ ಅರಚಾಟಕ್ಕೆ ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಮಗು ಕೆಳಗಿಳಿದು ದೂರ ಹೋಗುವ ತನಕ ಫ್ಲಶ್ ಮುಟ್ಟಬಾರದಿತ್ತೆಂಬ ಬುದ್ಧಿ ಆಮೇಲೆ ಬಂತು.

"ಅದು ಎಲ್ಲಿಗೆ ಹೋಗ್ತು?" ಎಂದು ಸಂಜೆ ಅಜ್ಜನನ್ನು ಕೇಳಿದ. "ಅಘನಾಶಿನಿಗೆ" ಎಂದರು ಅಪ್ಪಯ್ಯ, ಕಣ್ಣು ಮಿಟುಕಿಸದೆ. ಅಘ ಅಂದರೆ ಪಾಪ, ಅದನ್ನು ತೊಳೆಯುವ ನದಿಗೆ ಇದನ್ನು ತೊಳೆಯುವುದು ಏನು ಮಹಾ ಎಂಬ ತರ್ಕ. ಆಯಿ ಗದರಿದಳು. ನಾನು ಹಿತ್ತಲಿಗೆ ಕರೆದುಕೊಂಡು ಹೋಗಿ ಗುಂಡಿಯ ಮುಚ್ಚಳ ತೋರಿಸಿದೆ. ಅವನಿಗೆ ನದಿಯೇ ಹೆಚ್ಚು ಹಿಡಿಸಿತ್ತು.

ಆದರೆ ಅಘನಾಶಿನಿಗೆ ಏನನ್ನೂ ಕೊಡಲಿಲ್ಲ. ಬಾತುಕೋಳಿಯನ್ನು ಅಟ್ಟಕ್ಕೇರಿಸಿದ ಸಿಟ್ಟಿಗೆ ಮೂರು ದಿನ ಬಿಗಿಹಿಡಿದ. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು, ನೋವಾದರೆ ಮತ್ತೂ ತಡೆಯುವುದು. ಒಣದ್ರಾಕ್ಷಿ ನೆನೆಸಿದ ನೀರು, ಬಾಳೆಹಣ್ಣು ಎಲ್ಲ ಆಯಿತು. ಸೋತು ಬಾತುಕೋಳಿಯನ್ನು ಕೆಳಗಿಳಿಸಿದೆ. ಇಂಥ ಕಡೆ ಸೋಲುವುದೇ ಸರಿ, ಮಗುವಿನ ಹೊಟ್ಟೆಯ ಜೊತೆ ಪಂತ ಕಟ್ಟಬಾರದು.

ಆಯಿ ಬಚ್ಚಲ ಬಾಗಿಲಲ್ಲಿ ನಿಂತು ಕಮೋಡನ್ನೊಮ್ಮೆ ನೋಡಿದಳು. "ಅವಂಗೆ ಕಾಲಿಗೆ ನೆಲ ಸಿಕ್ತಿಲ್ಲೆ ತಮಾ. ಮರ ಹತ್ತಿ ಕುಂತಂಗೆ ಆಗ್ತು, ಎಲ್ಲಿಂದ ಬರ್ತು?"

ಅವಳಿಗೆ ಗೊತ್ತಿರಬೇಕಾದ್ದೇ. ಇವನ ಮೊದಲ ಪಾಟಿ ಬಾತುಕೋಳಿಯಲ್ಲ, ಆಯಿಯ ಪಾದ. ಕಾಲು ಚಾಚಿ ಕೂತು, ಎರಡು ಪಾದಗಳ ನಡುವೆ ಕೂಸನ್ನು ಕುಕ್ಕರಗಾಲಲ್ಲಿ ಕೂರಿಸಿ "ಶ್ಶ್ಶ್" ಎನ್ನುತ್ತಿದ್ದಳು, ನನಗೂ ಹಾಗೇ ಮಾಡಿದ್ದಳಂತೆ. ಡಾಕ್ಟರು ಅದನ್ನೇ ಬೇರೆ ಮಾತಲ್ಲಿ ಹೇಳಿದರು: ಕೊನೆಯ ಕರುಳನ್ನು ಬಗ್ಗಿಸಿ ಹಿಡಿದಿರುವ ಸ್ನಾಯುವೊಂದಿದೆ, ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಅದು ಸಡಿಲಾಗಿ ದಾರಿ ನೆಟ್ಟಗಾಗುತ್ತದೆ, ಕಾಲು ನೇತಾಡುತ್ತಿದ್ದರೆ ಮುಕ್ಕಲು ಆಧಾರವೇ ಇರುವುದಿಲ್ಲ. ಪಾಯಖಾನೆ ಪರ್ಶಿಯನ್ ಮಾತು, ಪಾಯ್ ಅಂದರೆ ಕಾಲು. ಪಾಯಿಜಾಮದಲ್ಲಿರುವುದೂ ಅದೇ ಕಾಲು. ಕಾಲಿಗೆಂದೇ ಹೆಸರಿಟ್ಟ ಮನೆಯಲ್ಲಿ ನಾನು ಕಾಲನ್ನೇ ಮರೆತಿದ್ದೆ.

ಗುಂಡಿ ಕಟ್ಟಿ ಉಳಿದ ಚಿರೇಕಲ್ಲು ಹಿತ್ತಲಲ್ಲಿ ಹಾವಸೆ ಹಿಡಿದು ಬಿದ್ದಿದ್ದವು. ಎರಡನ್ನು ತೆಂಗಿನ ಕತ್ತದಿಂದ ತಿಕ್ಕಿ ತೊಳೆದು, ಪಾದ ತರಚದಂತೆ ಹಳೇ ಪಂಚೆ ಸುತ್ತಿ ಕಮೋಡಿನ ಅತ್ತ ಇತ್ತ ಇಟ್ಟೆ. ಎತ್ತರ ಒಂದು ಗೇಣು. ಪ್ಲಾಸ್ಟಿಕ್ ಸ್ಟೂಲಿನ ಹಾಗೆ ಜಾರುವ ಮಾತಿಲ್ಲ. ಮಾಣಿ ಕಲ್ಲಿನ ಮೇಲೆ ಹತ್ತಿ ಕೂತ, ಕಾಲು ಊರಿದ, ನನ್ನ ಕುತ್ತಿಗೆ ಬಿಟ್ಟ. ಐದನೆಯ ದಿನ "ನೀ ಹೊರಗೆ ಹೋಗು" ಎಂದು ಬಾಗಿಲು ಮುಂದೆ ಮಾಡಿಸಿಕೊಂಡ. ಜಗುಲಿಯ ಸಭೆ ಬರಖಾಸ್ತಾಯಿತು. ರಾತ್ರಿಯ ಡಯಾಪರು ಇನ್ನೂ ಇದೆ. ಅದಕ್ಕೆ ಅವಸರವಿಲ್ಲ, ಐದು ವರ್ಷದವರೆಗೂ ಹಾಸಿಗೆ ಒದ್ದೆಯಾದರೆ ಯೋಚಿಸಬೇಡಿ ಎಂದಿದ್ದಾರೆ ಡಾಕ್ಟರು.

ಮೊನ್ನೆ ಬೆಳಿಗ್ಗೆ ಮಾಣಿ ಕಂಕುಳಲ್ಲಿ ರಿಂಗು ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆಯುತ್ತಿದ್ದ. "ಅಜ್ಜ ನನ್ ಕಲ್ಲು ತಗಂಡೋದ!" ಹೋಗಿ ನೋಡಿದರೆ ಕಲ್ಲು ಎಲ್ಲಿಗೂ ಹೋಗಿರಲಿಲ್ಲ. ಎರಡೂ ಒಂದೊಂದು ಮೊಳ ಮುಂದಕ್ಕೆ ಸರಿದು, ದೊಡ್ಡವರ ಕಾಲಿನ ಅಳತೆಗೆ ಕೂತಿದ್ದವು. ಆ ಮುಕ್ಕಾಲು ಗಂಟೆ ಈಚೆಗೆ ಹತ್ತು ನಿಮಿಷವಾದದ್ದು ಆಗ ನೆನಪಾಯಿತು. ಅಪ್ಪಯ್ಯ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ ಹೇಳಿದರು:

"ಹಿತ್ತಲಲ್ಲಿ ಇನ್ನೆರಡು ಕಲ್ಲು ಇದ್ದಾ ನೋಡು."