ಕೆಲ್ಟಿಕ್ ಗಂಟು, ಕೆಲ್ಟಿಕ್ ನಂಟು

ಕೆಲ್ಟಿಕ್ ಎಂದೊಡನೆ ಅನೇಕರಿಗೆ ನೆನಪಾಗುವುದು ತುದಿಮೊದಲಿಲ್ಲದ ಗಂಟಿನ ವಿನ್ಯಾಸವುಳ್ಳ ಬೆಳ್ಳಿಯುಂಗುರ, ಹಾರ್ಪ್ ವಾದ್ಯ, ಮಂಜು ಮುಸುಕಿದ ಗುಡ್ಡಗಳು. ಇವೆಲ್ಲ ಚೆಂದವೇ. ಆದರೆ ಐರಿಷರನ್ನೂ ವೇಲ್ಸಿನವರನ್ನೂ ಫ್ರಾನ್ಸಿನ ಬ್ರಿಟನಿಯವರನ್ನೂ ಕೆಲ್ಟಿಕ್ ಎಂಬ ಒಂದೇ ಮನೆತನಕ್ಕೆ ಸೇರಿಸಿದ ಶ್ರೇಯಸ್ಸು ಪದಕೋಶಕ್ಕೆ ಸಲ್ಲಬೇಕು ಎಂಬುದು ನನ್ನ ವಾದ.

ಪ್ರಾಚೀನ ಗ್ರೀಕ್ ಮತ್ತು ರೋಮನ್ ಲೇಖಕರು ಯೂರೋಪಿನ ಮುಖ್ಯಭೂಮಿಯ ಜನರನ್ನು ಕೆಲ್ಟರೆಂದು ಕರೆದರೇ ಹೊರತು ಬ್ರಿಟನ್ ದ್ವೀಪದವರನ್ನು ಹಾಗೆ ಕರೆದಂತಿಲ್ಲ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ವೇಲ್ಸ್ ಮೂಲದ ವಿದ್ವಾಂಸ ಎಡ್ವರ್ಡ್ ಲೂಯಿಡ್ ಅವರು ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್, ಕಾರ್ನ್‌ವಾಲ್‌ಗಳನ್ನು ವರ್ಷಗಟ್ಟಲೆ ಸುತ್ತಿ, ಬ್ರಿಟನಿಯಲ್ಲಿ ಗೂಢಚಾರನೆಂಬ ಶಂಕೆಗೆ ಸಿಕ್ಕಿ ಸೆರೆಯನ್ನೂ ಕಂಡು, 1707ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನುಡಿಗಳ ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆಯೇ ನೆಂಟಸ್ತಿಕೆ ನಿಚ್ಚಳವಾಯಿತು.

ತಲೆಗೆ ಐರಿಷಿನಲ್ಲಿ 'ಕ್ಯಾನ್', ವೆಲ್ಷಿನಲ್ಲಿ 'ಪೆನ್'. ಮಗನಿಗೆ ಅಲ್ಲಿ 'ಮ್ಯಾಕ್', ಇಲ್ಲಿ 'ಮಾಬ್'. (ಸ್ಕಾಟ್ಲೆಂಡಿನ ಮನೆತನದ ಹೆಸರುಗಳ ಮೊದಲಿಗೆ ಬರುವ ಮ್ಯಾಕ್ ಇದೇ.) ಒಂದೇ ಮೂಲಧ್ವನಿಯು ಐರಿಷ್, ಸ್ಕಾಟಿಷ್ ಗೇಲಿಕ್, ಐರ್ಲೆಂಡ್ ಮತ್ತು ಬ್ರಿಟನ್ನಿನ ನಡುವಣ ಮ್ಯಾನ್ ದ್ವೀಪದ ಮ್ಯಾಂಕ್ಸ್ ನುಡಿಗಳಲ್ಲಿ ಕಕಾರವಾಗಿ ನಿಂತರೆ, ವೆಲ್ಷ್, ಕಾರ್ನಿಷ್, ಬ್ರಿಟನಿಯ ಬ್ರೆಟನ್‌ಗಳಲ್ಲಿ ತುಟಿಯ ಧ್ವನಿಯಾಯಿತು. ಇನ್ನೂ ಸೋಜಿಗವೆಂದರೆ ಈ ಆರೂ ನುಡಿಗಳಲ್ಲಿ ಪದದ ಮೊದಲ ವ್ಯಂಜನವೇ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ವೆಲ್ಷಿನಲ್ಲಿ ಬೆಕ್ಕು 'ಕಾಥ್'. ಅವನ ಬೆಕ್ಕಾದರೆ 'ಎಯ್ ಗಾಥ್', ಅವಳ ಬೆಕ್ಕಾದರೆ 'ಎಯ್ ಖಾಥ್'. ಅವನ, ಅವಳ ಎಂಬೆರಡಕ್ಕೂ 'ಎಯ್' ಒಂದೇ ಆದ್ದರಿಂದ ಬೆಕ್ಕು ಯಾರದೆಂದು ಹೇಳುವ ಹೊಣೆ ಆ ವ್ಯಂಜನದ ಮೇಲೆಯೇ ಬಿದ್ದಿದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವ ಆದೇಶ ಸಂಧಿಯನ್ನು ಶಾಲೆಯಲ್ಲಿ ಉರುಹೊಡೆದ ನಮಗೆ ಕಕಾರ ಗಕಾರವಾಗುವುದು ತೀರಾ ಅಪರಿಚಿತವೆನಿಸದು. ಹಾಗೆಂದು ಇಲ್ಲಿಯೂ ರಕ್ತಸಂಬಂಧ ಹುಡುಕಲು ಯಾರೂ ಹೊರಡಬೇಕಿಲ್ಲ.

ಕೊಡುಕೊಳ್ಳುವಿಕೆ ಈ ಅರಿವಿನ ಬೆನ್ನಿಗೆ ಬೆಳೆಯಿತು. 1856ರಲ್ಲಿ ವೇಲ್ಸಿನಲ್ಲಿ ಹುಟ್ಟಿದ ನಾಡಗೀತೆಯ ಧಾಟಿಗೆ ತಮ್ಮ ನುಡಿಯ ಸಾಲುಗಳನ್ನು ಹೊಂದಿಸಿಕೊಂಡು ಬ್ರಿಟನಿಯವರೂ ಕಾರ್ನ್‌ವಾಲಿನವರೂ ಹಾಡುತ್ತಾರೆ. ಮ್ಯಾನ್ ದ್ವೀಪದಲ್ಲಿ ಮ್ಯಾಂಕ್ಸ್ ನುಡಿದು ಬೆಳೆದವರು ಬೆರಳೆಣಿಕೆಯಷ್ಟು ಉಳಿದಿದ್ದಾಗ, 1948ರಲ್ಲಿ ಧ್ವನಿಮುದ್ರಣ ಯಂತ್ರದೊಂದಿಗೆ ಸಮುದ್ರ ದಾಟಿ ಬಂದು ಆ ಮುದುಕರ ಮಾತನ್ನು ಹಿಡಿದಿಟ್ಟದ್ದು ಐರ್ಲೆಂಡಿನ ಜಾನಪದ ಆಯೋಗ. ಅವರಲ್ಲಿ ಕೊನೆಯವರಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಆದರೂ 2001ರಿಂದ ಅಲ್ಲಿ ಮ್ಯಾಂಕ್ಸ್ ಮಾಧ್ಯಮದ ಶಾಲೆಯೊಂದು ನಡೆಯುತ್ತಿದೆ. 2009ರಲ್ಲಿ ಯುನೆಸ್ಕೊ ಈ ನುಡಿ ಅಳಿದಿದೆಯೆಂದು ನಮೂದಿಸಿದಾಗ, ಹಾಗಾದರೆ ನಾವು ಈಗ ಬರೆಯುತ್ತಿರುವುದು ಯಾವ ನುಡಿಯಲ್ಲಿ ಎಂದು ಆ ಶಾಲೆಯ ಮಕ್ಕಳು ಪತ್ರ ಬರೆದು ಕೇಳಿದರು. ಯುನೆಸ್ಕೊ ತನ್ನ ಪಟ್ಟಿಯನ್ನು ತಿದ್ದಿಕೊಂಡಿತು.